ಉಯಿರ್ ಅಂದರೆ ಉಸಿರಲ್ಲ

ಶಿರಾ ಸಂತೆಯಲ್ಲಿ ಒಣಮೀನಿನ ಸಾಲು ಬಂದರೆ ನಾನು ಟವೆಲ್ ಮೂಗಿಗೊತ್ತಿಕೊಂಡು ಓಡುತ್ತೇನೆ. ಏನು ಮಡಿಯಪ್ಪಾ ಇವನದು ಅಂದುಕೊಳ್ಳಬೇಡಿ ಸ್ವಾಮಿ, ಬಾಡೂಟಕ್ಕೆ ಮೊದಲ ಪಂಕ್ತಿಯಲ್ಲೇ ಕೂರುವವನು ನಾನು. ಆ ವಾಸನೆಯೊಂದನ್ನು ಮಾತ್ರ ತಾಳಲಾರೆ. ಇವತ್ತೂ ಓಡಿದೆ.

ನಮ್ಮ ಕಡೆ ಸತ್ತವರನ್ನು ಕಳಿಸಲು ದಾಸಯ್ಯ ಬಂದು ಶಂಖ ಊದಬೇಕು. ನಮ್ಮೂರಿಗೆ ಹನುಮಂತ ದಾಸಯ್ಯ. ಆತನ ತಾತನ ಕಾಲದ ಶಂಖ ಕೈಜಾರಿ ಸೀಳುಬಿಟ್ಟಾಗಿನಿಂದ ನಮ್ಮವ್ವನಿಗೆ ಅದೊಂದೇ ಚಿಂತೆ. “ದಾಸಯ್ಯನ ಶಂಖ ಕೇಳ್ದೆ ನಾನು ಹೆಂಗ್ಲಾ ಹೋಗ್ಲಿ?” ಆಗ ನಾವು ರಾಮೇಶ್ವರಕ್ಕೆ ಟೂರ್ ಹೊರಟಿದ್ದೆವು. “ಸಮುದ್ರದಿಂದ್ಲೇ ತಂದ್ಕೊಡ್ತೀನಿ ಬುಡವ್ವ” ಅಂತ ಜಂಬ ಕೊಚ್ಚಿದೆ.

ಮದಲೂರು ಕೆರೆ ಕೋಡಿ ಬಿದ್ದರೆ ಅದನ್ನೇ ಸಮುದ್ರ ಅನ್ನುವವನು ನಾನು. ರಾಮೇಶ್ವರದ ಕಡಲನ್ನು ಸರ್ಕಾರ ರಾಷ್ಟ್ರೀಯ ಉದ್ಯಾನ ಅಂತ ಕಾಯುತ್ತದೆ ಅಂದಾಗ ನಕ್ಕಿದ್ದೆ. ನೀರಿಗೂ ಯಾರಾದರೂ ಬೇಲಿ ಹಾಕ್ತಾರಾ? ಅಲೆ ಹಿಂದೆ ಸರಿದಿದ್ದ ಹೊತ್ತು, ಮೊಣಕಾಲುದ್ದ ನೀರಲ್ಲಿ ಒಂದು ಶಂಖ ಸಿಕ್ಕಿತು. ಕಾವಲುಗಾರ ಓಡಿಬಂದು “ಉಯಿರ್ ಸಾರ್, ಉಯಿರ್!” ಅಂತ, ಕೆಳಗಿಡು ಅಂತ ಸನ್ನೆ ಮಾಡಿದ. ನನ್ನ ಕನ್ನಡದ ಕಿವಿಗೆ ಉಸಿರು ಅಂತ ಕೇಳಿತು. ಆಹಾ, ಊದಲು ಒಳ್ಳೇ ಉಸಿರಿರೋ ಶಂಖ, ಅದಕ್ಕೇ ಕೊಡಲೊಲ್ಲ! ಅವನು ಅತ್ತ ತಿರುಗಿದ್ದೇ ತಡ, ಟವೆಲಿನಲ್ಲಿ ಸುತ್ತಿಕೊಂಡೆ.

ಲಾಡ್ಜಿನಲ್ಲಿ ಬಿಚ್ಚಿದರೆ ಒಳಗಿಂದ ಮಾಂಸದ ಮುದ್ದೆಯೊಂದು ಮೆಲ್ಲಗೆ ಹೊರಗೆ ಚಾಚಿ ನೆಲ ತಡವಿತು. ಶಂಖ ಅಂದರೆ ಕಡಲ ಕಲ್ಲು ಅಂತ ನಂಬಿದ್ದ ನನಗೆ ಆಗ ಹೊಳೆಯಿತು, ಕಾವಲುಗಾರನ ತಮಿಳಿನ ಉಯಿರ್ ಅಂದರೆ ಜೀವ. ಕಡಲು ಕೂಗಳತೆಯಲ್ಲೇ ಇತ್ತು, ಹೋಗಿ ಬಿಟ್ಟು ಬರಬಹುದಿತ್ತು. ಬಿಡಲಿಲ್ಲ. ಊರು ಮುಟ್ಟುವಷ್ಟರಲ್ಲಿ ಅದು ಸತ್ತು, ಸಂತೆಯ ಒಣಮೀನಿನ ಹಾಗೇ ನಾರುತ್ತಿತ್ತು. ಹಿತ್ತಲಲ್ಲಿ ಬೇಯಿಸಿ, ಕಡ್ಡಿಯಿಂದ ಕೆದಕಿ ತೆಗೆದೆ.

ದಾಸಯ್ಯನ ಮುಂದೆ ಕಾವಲುಗಾರನ ಕಣ್ಣಿಗೆ ಮಣ್ಣೆರಚಿದ್ದನ್ನು, ಬೇಯಿಸಿದ್ದನ್ನು ಬಣ್ಣ ಕಟ್ಟಿ ಹೇಳಿದೆ. ಆತ ಶಂಖ ಮುಟ್ಟಲಿಲ್ಲ.

“ಸತ್ತೋರ್ನ ಕಳ್ಸಾಕೆ ಇದನ್ನ ಸಾಯಿಸ್ಕಂಡು ಬಂದ್ಯೇನ್ಲಾ?”

ಅಲ್ಲಿಗೆ ತೆಪ್ಪಗಿರಬೇಕಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅಂತಾರೆ. ನನಗೆ ಆ ಬುದ್ಧಿಯೆಲ್ಲಿ! “ನಿಮ್ ತಾತನ ಶಂಖ ಏನು ಮರದಾಗೆ ಬಿಟ್ಟಿತ್ತಾ ದಾಸಯ್ಯ? ಅದ್ರೊಳ್ಗೂ ಇಂಥದ್ದೇ ಒಂದು ಜೀವ ಇತ್ತು” ಅಂದೆ.

ಆತನಿಗೆ ಅದು ಗೊತ್ತಿರಲಿಲ್ಲ. ಅಂಗೈಯಿಂದ ಬಾಯಿ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ಅವತ್ತಿನಿಂದ ಯಾವ ಶಂಖವನ್ನೂ ಊದಲಿಲ್ಲ.

ಹೋದ ತಿಂಗಳು ಅವ್ವ ಹೋದಳು. “ದಾಸಯ್ಯ ಶಂಖ ತರ್ತಾನೇನ್ಲಾ?” ಅಂತ ಕೊನೆಯಲ್ಲೂ ಕೇಳಿದಳು. “ತರ್ತಾನೆ ಕಣವ್ವ” ಅಂದೆ. ದಾಸಯ್ಯ ಬಂದ, ಬರೀ ಜಾಗಟೆ ಬಡಿದ. ನೆಂಟರೊಬ್ಬರು ಮೊಬೈಲಿನಲ್ಲಿ ಶಂಖದ ಸದ್ದು ಹಾಕಿದರು. ನಡುವೆ ಸೋಪಿನ ಜಾಹೀರಾತು ಬಂತು. ನಾಚಿಕೆಯಿಂದ ಸತ್ತೇ ಹೋದೆ.

ಇವತ್ತು ಸಂತೆಯಿಂದ ಸೀದಾ ದಾಸಯ್ಯನ ಮನೆಗೆ ಹೋಗಿ ಜಗಲಿ ಮೇಲೆ ಕೂತೆ. ತಪ್ಪಾಯ್ತು ಅಂದೆ. ಆತ ಬಾಯಲ್ಲಿದ್ದ ಎಲೆಅಡಿಕೆ ಉಗುಳಿದ.

“ನೀನಂದಿದ್ದು ನಿಜ್ವೇ ಕಣಪ್ಪ. ಆದ್ರೆ ನೀನು ಅದನ್ನ ನನ್ ಬಾಯಿ ಮುಚ್ಸಾಕೆ ಅಂದೆ. ಮುಚ್ತು.”