ಎರಡನೆಯ ಕಟ್ಟಡದ ಚಕ್ರ

ಶಾಮಲಾಳ ಅವ್ವನಿಗೆ ಎಲ್ಲದಕ್ಕೂ ಅವಸರ. ಮಗಳ ಹೆಸರು ವರದಿಯ ಮೇಲೆ ಅಚ್ಚಾಗುತ್ತದೆ ಎಂದು ಕೇಳಿದ್ದೇ ತಡ, ಧಾರವಾಡದಿಂದ ಪುಣೆ ಬಸ್ಸಿಗೆ ಎರಡು ಕಿಲೋ ಪೇಢಾ ಹಾಕಿಸಿಬಿಟ್ಟಳು. ಶಾಮಲಾ ಕೆಲಸ ಮಾಡುವ ಪುಣೆಯ ಹಡಪಸರದ ಆಫೀಸಿನ ಪದ್ಧತಿಯೇ ಹಾಗೆ: ಯಾರ ಹೆಸರಿನಲ್ಲಿ ಮೊದಲ ವರದಿ ಹೋಗುತ್ತದೋ ಅವರು ತಮ್ಮೂರಿನ ಸಿಹಿ ತರಬೇಕು. ವರದಿ ಹೋಗುವವರೆಗೆ ಡಬ್ಬಿ ಮುಟ್ಟುವಂತಿಲ್ಲ.

ವರದಿ ಪುಣೆ ಹತ್ತಿರದ ಚಾಕಣದಲ್ಲಿ ಏಳುತ್ತಿದ್ದ ಹೊಸ ಆಸ್ಪತ್ರೆಯೊಂದರದು. ಕರೆಂಟು ಉಳಿಸುವ ನಿಯಮಕ್ಕೆ ಕಟ್ಟಡ ಒಪ್ಪುತ್ತದೋ ಇಲ್ಲವೋ ನೋಡುವುದು ಶಾಮಲಾಳ ಕೆಲಸ. ಅದಕ್ಕೆ ಕಂಪ್ಯೂಟರಿನಲ್ಲಿ ಎರಡು ಕಟ್ಟಡ ಕಟ್ಟಬೇಕು: ಒಂದು ನಕ್ಷೆಯಲ್ಲಿರುವಂಥದು, ಇನ್ನೊಂದು ನಿಯಮ ಕೇಳುವಷ್ಟನ್ನೇ ಮಾಡಿದ್ದು. ನಕ್ಷೆಯದು ಕಡಿಮೆ ಕರೆಂಟು ತಿಂದರೆ ಗೆದ್ದ ಹಾಗೆ. ಅವಳ ಆಸ್ಪತ್ರೆ ಭರ್ಜರಿಯಾಗಿ ಗೆದ್ದಿತ್ತು. ಹೊರಹೋಗುವ ತಂಪುಗಾಳಿಯಿಂದ ಒಳಬರುವ ಬಿಸಿಗಾಳಿಯನ್ನು ತಣಿಸುವ ದೊಡ್ಡ ಚಕ್ರವೊಂದು ಅದರಲ್ಲಿತ್ತು. ಕನ್ನಡದವರೇ ಆದ ಮಾಲೀಕ ಡಾಕ್ಟರ್ ಮಧುಕರ್‌ಗೆ "ಪಾಸಾಗೇದ್ರಿ" ಎಂದು ಫೋನಿನಲ್ಲಿ ಹೇಳಿಯೂ ಆಗಿತ್ತು.

ಕಳಿಸುವ ದಿನ ಬೆಳಿಗ್ಗೆ ಕೊನೆಯದಾಗಿ ಕಣ್ಣಾಡಿಸುತ್ತಿದ್ದವಳಿಗೆ ತಪ್ಪೊಂದು ಕಣ್ಣಿಗೆ ಬಿತ್ತು. ಇಷ್ಟು ಹೊರಗಾಳಿ ಬೇಕಾದ ಆಸ್ಪತ್ರೆಗೆ ಚಕ್ರ ಇರಲೇಬೇಕೆಂದು ನಿಯಮವೇ ಹೇಳುತ್ತದೆ. ಅಂದಮೇಲೆ ನಿಯಮದ ಪ್ರಕಾರ ಕಟ್ಟಿದ ಎರಡನೆಯ ಕಟ್ಟಡಕ್ಕೂ ಅದು ಬೇಕಿತ್ತು. ಇವಳು ಹಾಕಿರಲೇ ಇಲ್ಲ! ಹಾಕಿ ಮತ್ತೆ ಲೆಕ್ಕ ಓಡಿಸಿದಳು. ಈಗ ಎರಡನೆಯದೇ ಕಡಿಮೆ ಕರೆಂಟು ತಿಂದು ಆಸ್ಪತ್ರೆ ಸೋತಿತು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆ ಮಾತು ಬೇರೆ. ಹೆಸರೂ ಹೋಯಿತು, ಕೆಲಸವೂ ಹೋಯಿತು ಅಂದುಕೊಂಡೇ ಪಾಪ, ಅವಳು ರಾಘಣ್ಣನವರ ಮುಂದೆ ಹೋಗಿ ನಿಂತಳು.

ರಾಘಣ್ಣ ಅಲ್ಲಿಯ ಹಿರಿಯರು, ಬೆಳಗಾವಿ ಕಡೆಯವರು. ನಕ್ಕದ್ದನ್ನು ಕಂಡವರಿಲ್ಲ. ಎಲ್ಲ ಕೇಳಿಸಿಕೊಂಡು ಎದ್ದೇಬಿಟ್ಟರು.

"ನಡೀ, ಚಾಕಣಕ್ಕ ಹೋಗೂಣು. ಫೋನಿನಾಗ ಹೇಳೂ ಮಾತಲ್ಲ ಇದು. ಆ ಡಬ್ಬಿನೂ ತಗೋ."

"ಪೇಢಾ ಯಾಕ್ರಿ ಸರ್?"

"ತಗೋ ಅಂದ್ರ ತಗೋವಾ."

ದಾರಿಯುದ್ದಕ್ಕೂ ಟ್ರಕ್ಕುಗಳ ನಡುವೆ ಕಾರು ತೆವಳಿತು. ಶಾಮಲಾ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಅದನ್ನು ಇದನ್ನು ಬದಲಿಸಿ ಲೆಕ್ಕ ಹಾಕುತ್ತಲೇ ಇದ್ದಳು.

ಕಟ್ಟಡದ ಜಾಗದಲ್ಲಿದ್ದ ತಗಡಿನ ಶೆಡ್ಡಿನಲ್ಲಿ ವಿಷಯ ಕೇಳಿ ಡಾಕ್ಟರ್ ಮಧುಕರ್ ಕೆಂಡವಾದರು.

"ಯಾರ ಮಾಡಿದ್ರಿ ಇದನ್ನ?"

"ನಮ್ಮ ಆಫೀಸಿನ ತಪ್ಪು. ನಾನ ನೋಡಬೇಕಿತ್ತು, ನೋಡ್ಲಿಲ್ಲ" ಎಂದರು ರಾಘಣ್ಣ.

ಶಾಮಲಾಗೆ ತಡೆಯಲಾಗಲಿಲ್ಲ. "ಇಲ್ರಿ, ತಪ್ಪು ನಂದು. ಪಶ್ಚಿಮದ ಗಾಜಿಗೆ ನೆರಳು ಮಾಡಿ, ನಿಯಮ ಕೇಳೂದಕ್ಕಿಂತ ಚಲೋ ಚಕ್ರ ಹಾಕಿದ್ರ ಖರೇನ ಪಾಸಾಗ್ತದ್ರಿ."

ಮಧುಕರ್ ಹೊರಗೆ ನೋಡಿದರು. ಇನ್ನೂ ಕಂಬಗಳಷ್ಟೇ ಎದ್ದಿದ್ದವು, ಗೋಡೆ ಬಂದಿರಲಿಲ್ಲ. "ಗ್ವಾಡಿ ಎದ್ದ ಮ್ಯಾಲ ಹೇಳಿದ್ರ ಏನ ಮಾಡ್ತಿದ್ದೆ ನಾನು!" ಎಂದು ಕುರ್ಚಿಯಲ್ಲಿ ಕುಸಿದರು. ಸಿಟ್ಟು ಇಳಿದಿತ್ತು.

ರಾಘಣ್ಣ ಡಬ್ಬಿಯ ದಾರ ಬಿಚ್ಚಿದರು.

"ಸರ್, ವರದಿ ಇನ್ನೂ ಹೋಗಿಲ್ರಿ!"

"ಇರ್ಲಿ ಬಿಡ. ಇದು ತಪ್ಪು ಸಿಕ್ಕಿದ್ದಕ್ಕ. ತಿನ್ನು ಮೊದಲ, ಮುಂಜಾನಿಂದ ಏನೂ ತಿಂದಿಲ್ಲ ನೀ."

ಹೌದಲ್ಲ! ಆ ಸಿಡುಕು ಮೋರೆಯವರು ಅದನ್ನೂ ಗಮನಿಸಿದ್ದರು. ಶಾಮಲಾ ಪೇಢಾ ಬಾಯಲ್ಲಿಟ್ಟುಕೊಂಡೇ ಅತ್ತಳು. ಡಾಕ್ಟರು ಕಂಡೂ ಕಾಣದವರಂತೆ ಎರಡನೆಯದಕ್ಕೆ ಕೈ ಹಾಕಿದರು.

ಇಂಥವರ ಕೈಕೆಳಗೆ ಕೆಲಸ ಸಿಕ್ಕಿದ್ದು ತನ್ನ ಪುಣ್ಯ ಎಂದು ಸಂಜೆ ಅವ್ವನಿಗೆ ಫೋನಿನಲ್ಲಿ ಹೇಳಿದಳು.

"ಅದಿರ್ಲಿ, ಹೆಸರು ಅಚ್ಚಾತೇನ?"

"ಇನ್ನೂ ಇಲ್ಲವ್ವಾ. ಪೇಢಾ ಮಾತ್ರ ಅಲ್ಲಿ ಕೆಲಸದವರಿಗೂ ಹಂಚಿ ಖಾಲಿ ಆತು."

"ಅಯ್ಯ, ಹಂಗಾರ ತಡೀ, ನಾಳಿ ಬಸ್ಸಿಗೆ ಇನ್ನೆರಡು ಕಿಲೋ ಹಾಕಸ್ತೀನಿ."