ಪಾವಗಡಕ್ಕೆ ಹ್ಯಾಂಡಲ್ ಅಳೆಯಲು

ತುಮಕೂರು ಬಿಟ್ಟಾಗ ಬೆಳಿಗ್ಗೆ ಆರು ಗಂಟೆಯಾಗಿತ್ತು. ಆರೂವರೆಯೂ ಆಗಿದ್ದಿರಬಹುದು. ಚಳಿಯಿತ್ತು, ಕೈಗವಸು ಹಾಕಿಕೊಂಡಿದ್ದೆ, ಅಷ್ಟು ಖಚಿತ. ಮೂರು ದಿನದ ದಾರಿ: ಕೊರಟಗೆರೆ, ಮಧುಗಿರಿ, ಪಾವಗಡ, ಅಲ್ಲಿಂದ ಶಿರಾ, ಶಿರಾದಿಂದ ಬಸ್ಸಿನಲ್ಲಿ ಮನೆಗೆ. ಈ ಊರುಗಳಲ್ಲಿ ನನಗೆ ಹೊಸದಾಗಿ ನೋಡುವಂಥದ್ದೇನೂ ಉಳಿದಿರಲಿಲ್ಲ. ಹೊರಟಿದ್ದು ನನ್ನ ಮೌಂಟನ್ ಬೈಕಿನ ಹ್ಯಾಂಡಲನ್ನು ನನ್ನ ಕೈಗೆ ಹೊಂದಿಸಿಕೊಳ್ಳಲು.

ಕಳೆದ ವರ್ಷ ಕೊಂಡ ಸೈಕಲ್ಲು. ಹ್ಯಾಂಡಲ್ಲು ಎಮ್ಮೆಯ ಕೊಂಬಿನಂತೆ ಅಗಲ. ಅರ್ಧ ಗಂಟೆ ತುಳಿದರೆ ಬಲಗೈಯ ಕಿರುಬೆರಳೂ ಉಂಗುರದ ಬೆರಳೂ ಜೋಮು ಹಿಡಿಯುತ್ತವೆ. ಮೊದಮೊದಲು ಇಳಿದ ಮೇಲೆ ಸರಿಹೋಗುತ್ತಿತ್ತು. ಈಚೆಗೆ ಕಾಲೇಜಿನಲ್ಲಿ ಬೋರ್ಡಿನ ಮೇಲೆ ಬರೆಯುವಾಗಲೂ ಆ ಎರಡು ಬೆರಳು ಬೇರೆ ಯಾರದೋ ಅನ್ನಿಸುತ್ತಿತ್ತು. ಡಾಕ್ಟರು ಅಂಗೈಯ ಬುಡವನ್ನು ಒತ್ತಿ ನೋಡಿ, "ಇಲ್ಲಿ ನರ ಅದುಮ್ಕೊಳ್ತಾ ಇದೆ. ಹಿಡಿಯೋ ರೀತಿ ಸರಿಮಾಡ್ಕೊಳ್ಳಿ, ಇಲ್ಲಾಂದ್ರೆ ಸೈಕಲ್ ಬಿಡಿ" ಎಂದರು. ಕಾಲೇಜಿನ ಗೆಳೆಯರೊಬ್ಬರು ಅದನ್ನು ಕೊಳ್ಳಲು ಕಾದಿದ್ದರು. ಈ ಸಲ ಹೋಗಿಬಂದ ಸಂಜೆ ಹೇಳುತ್ತೇನೆ ಎಂದಿದ್ದೆ. ನಲವತ್ತೇಳರಲ್ಲಿ ಇದನ್ನು ಕೊಟ್ಟುಬಿಟ್ಟರೆ ಇನ್ನೊಂದು ಸೈಕಲ್ ಹತ್ತುವವಳಲ್ಲ ನಾನು.

ಒಂದು ಆಸೆಯಿತ್ತು. ಪಾವಗಡದ ಚಿಕ್ಕಮ್ಮನ ಮನೆಯಲ್ಲಿ ನನ್ನ ಹಳೆಯ ಸೈಕಲ್ ಇದೆ. ಮೊದಲ ಕೆಲಸ ಸಿಕ್ಕಾಗ ಆ ಮನೆಯಲ್ಲಿ ಮೂರು ವರ್ಷ ಇದ್ದೆ. ಚಿಕ್ಕಮ್ಮ ಆಗ ಸುತ್ತಲ ಹಳ್ಳಿಗಳಿಗೆ ನರ್ಸಮ್ಮ. ರಜೆಯ ದಿನ ಅವಳ ಸೈಕಲ್ಲಿನ ಹಿಂದೆ ನಾನೂ ತುಳಿಯುತ್ತಿದ್ದೆ. ಕೈ ಜೋಮು ಹಿಡಿದದ್ದು ಒಂದು ಸಲವೂ ನೆನಪಿಲ್ಲ. ಆ ಹ್ಯಾಂಡಲ್ಲು ಕಿರಿದು, ಭುಜದಷ್ಟೇ ಅಗಲ. ಕಣ್ಣಿಗೆ ಕಟ್ಟಿದಂತಿದೆ. ಅದನ್ನು ಅಳೆದುಕೊಂಡು, ಶಿರಾದಲ್ಲಿ ಹೊಸದನ್ನು ಅಷ್ಟಕ್ಕೇ ಕತ್ತರಿಸುವುದು ಎಂದು ನಿಶ್ಚಯಿಸಿ, ಅಲ್ಲಿಯ ಒಂದು ಗ್ರಿಲ್ ಅಂಗಡಿಗೆ ಫೋನನ್ನೂ ಮಾಡಿದ್ದೆ.

ಕೊರಟಗೆರೆ ತಲುಪುವ ಹೊತ್ತಿಗೆ ಬೆರಳು ಹೋಗಿದ್ದವು. ತಟ್ಟೆ ಇಡ್ಲಿ ತಿಂದು ಟೀ ತೆಗೆದುಕೊಂಡೆ. ಗಾಜಿನ ಲೋಟದ ಬಿಸಿ ಮೂರು ಬೆರಳಿಗೆ ಗೊತ್ತಾಯಿತು, ಎರಡಕ್ಕೆ ಗೊತ್ತಾಗಲಿಲ್ಲ. ಕೈ ಕೊಡವುತ್ತಿದ್ದುದನ್ನು ಬೆಂಚಿನ ಮೇಲಿದ್ದ ಅಜ್ಜ ನೋಡಿದ.

"ಏನವ್ವಾ, ಬಸ್ಸು ಬರ್ಲಿಲ್ವಾ?"

"ಸುಮ್ಕಿರಣ್ಣ, ಅದು ಐವತ್ ಸಾವ್ರದ ಸೈಕಲ್ಲು," ಎಂದ ಹೋಟೆಲಿನವನು.

"ಐವತ್ ಸಾವ್ರ ಕೊಟ್ಟು ತಾನೇ ತುಳೀಬೇಕಾ? ಅದ್ಕೇ ಈಯವ್ವ ಕೈ ಕೊಡುವ್ತಾ ಅವ್ಳೆ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಚೀಲದಿಂದ ಅಲೆನ್ ಕೀ ತೆಗೆದು, ಹ್ಯಾಂಡಲಿನ ಮೇಲಿದ್ದ ಎರಡು ರಿಂಗುಗಳನ್ನು ಕೆಳಕ್ಕೆ ಹಾಕಿ ಅದನ್ನು ಬೆರಳಗಲ ಎತ್ತರಿಸಿದೆ. ಮಧುಗಿರಿಯವರೆಗೆ ಬೆನ್ನಿಗೆ ಹಾಯೆನಿಸಿತು. ಬೆರಳುಗಳದು ಅದೇ ಕಥೆ. ಏಕಶಿಲೆಯ ಬೆಟ್ಟವನ್ನು ಬೇರೆ ದಿನವಾದರೆ ನಿಂತು ನೋಡುತ್ತಿದ್ದೆನೇನೋ. ಅವತ್ತು ಲಾಡ್ಜಿನ ಮೆಟ್ಟಿಲೇ ಸಾಕಾಗಿತ್ತು. ರೂಮಿನ ಗೋಡೆಗೆ ಸೈಕಲ್ ಒರಗಿಸಿ ಬ್ರೇಕ್ ಹಿಡಿಗಳನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿದೆ. ಮಣಿಕಟ್ಟು ಮಡಿಸದೆ ಹಿಡಿಯುವಂತಾಯಿತು. ಎಷ್ಟು ತಿರುಗಿಸಿದೆ ಎಂದು ಗುರುತು ಹಾಕಿಕೊಳ್ಳಲಿಲ್ಲ.

ಎರಡನೆಯ ದಿನ ಅರವತ್ತು ಕಿಲೋಮೀಟರು, ಎಲ್ಲವೂ ಎದುರುಗಾಳಿ. ಕಡಲೆಕಾಯಿ ಕಿತ್ತಾದ ಹೊಲಗಳ ಮೇಲಿಂದ ಧೂಳು ಎದ್ದು ನೇರ ಹಲ್ಲಿಗೆ ಬರುತ್ತಿತ್ತು. ಮಿಡಿಗೇಶಿ ದಾಟಿ ಒಂದು ಮನೆ ಹೋಟೆಲಿನಲ್ಲಿ ಮುದ್ದೆ, ಉಪ್ಪೆಸರು ಉಂಡೆ. ಎಡಗೈಯಲ್ಲಿ ಉಂಡೆ. ಬಡಿಸುತ್ತಿದ್ದಾಕೆ ಅದನ್ನು ನೋಡಿ ಇನ್ನೊಂದು ಸೌಟು ಸಾರು ಹಾಕಿದಳು. ಅಲ್ಲಿಂದ ಮುಂದೆ ಅಂಗಡಿಗಳ ಹಲಗೆಗಳ ಮೇಲೆ ತೆಲುಗು ಹೆಚ್ಚಾಗುತ್ತ ಹೋಯಿತು.

ಚಿಕ್ಕಮ್ಮನಿಗೆ ಎಪ್ಪತ್ತು ದಾಟಿದೆ. ಬಾಗಿಲಲ್ಲೇ ಶುರುಮಾಡಿದಳು: "ಏಮೇ, ಇಂಗ್ ಸೊರಗಿದೀಯಾ! ಬತ್ತೀನಿ ಅಂದ ಫೋನಲ್ಲೇ ಕೇಳಿದ್ರೆ ನಾನೇ ಅಳೆದು ಹೇಳ್ತಿರ್ಲಿಲ್ವಾ?"

"ನೀನು ಅಳತೆ ತಗೊಂಡು ಹೊಲಿಸಿದ ರವಿಕೆ ನನಗೆ ಮರೆತಿಲ್ಲ ಚಿಕ್ಕಮ್ಮ."

"ಅದು ಟೈಲರ್ ತಪ್ಪು ಕಣೆ. ರಾ, ಒಳಗೆ ರಾ. ಮೊದ್ಲು ಮಕ ತೊಳ್ಕೋ."

ಮುಖ ತೊಳೆಯುವಷ್ಟು ತಾಳ್ಮೆ ನನಗಿರಲಿಲ್ಲ. ಹಳೆಯ ಸೈಕಲ್ ಹಿತ್ತಲಿನ ಶೀಟಿನ ಕೆಳಗಿತ್ತು. ಈಗ ಅದನ್ನು ಓಡಿಸುವವಳು ಅವಳೇ. ಅವಳ ಟೇಪು ಹಿಡಿದು ಅಳೆದೆ. ತಿರುಗಿ ಅಳೆದೆ. ಹೊಸದಕ್ಕೂ ಅದಕ್ಕೂ ಇದ್ದ ವ್ಯತ್ಯಾಸ ಬರೀ ಎರಡು ಬೆರಳಗಲ.

"ಹ್ಯಾಂಡಲ್ ಬದಲಾಯಿಸಿದ್ದೀಯಾ?"

"ಯಾವನ್ ಬದಲಾಯಿಸ್ತಾನೆ? ಟೈರ್ ಬಿಟ್ರೆ ಎಲ್ಲ ನಿಂದೇ."

ಕಣ್ಣಿಗೆ ಕಟ್ಟಿದಂತಿದ್ದ ಆ ಕಿರಿದಾದ ಹ್ಯಾಂಡಲ್ ಯಾರದು, ಎಲ್ಲಿ ನೋಡಿದ್ದು, ತಿಳಿಯಲಿಲ್ಲ. ಎರಡು ದಿನದ ದಣಿವು ಒಟ್ಟಿಗೆ ಮೇಲೆ ಬಂತು. ಹಿತ್ತಲ ಕಲ್ಲಿನ ಮೇಲೆ ಕೂತು, ಬೆಳಿಗ್ಗೆ ಇಲ್ಲಿಂದಲೇ ಬಸ್ ಹತ್ತುತ್ತೇನೆ, ಸೈಕಲ್ ಕಾಲೇಜಿನ ಗೆಳೆಯರಿಗೇ ಕೊಟ್ಟುಬಿಡುತ್ತೇನೆ ಎಂದೆ. ಚಿಕ್ಕಮ್ಮ ವಾದ ಮಾಡಲಿಲ್ಲ. "ಬಸ್ ಸ್ಟ್ಯಾಂಡ್‌ವರ್ಗೂ ನಾನೂ ಬತ್ತೀನಿ ಬುಡು" ಎಂದಳು.

ಬೆಳಿಗ್ಗೆ ಅವಳು ಹಳೆಯದರ ಮೇಲೆ ಮುಂದೆ, ನಾನು ಹೊಸದರ ಮೇಲೆ ಹಿಂದೆ. ಬೀದಿಯ ತುದಿಯ ಆಂಜನೇಯನ ಗುಡಿ ಬಂದಾಗ ಅವಳು ವೇಗ ತಗ್ಗಿಸದೆಯೇ ಬಲಗೈ ಎತ್ತಿ ಎದೆಗೆ, ಹಣೆಗೆ ಮುಟ್ಟಿಸಿ ಮತ್ತೆ ಹ್ಯಾಂಡಲ್ ಹಿಡಿದಳು. ಮಾರಮ್ಮನ ಮುಂದೆಯೂ ಹಾಗೆಯೇ. ಬೇವಿನ ಮರದ ಕೆಳಗಿನ ನಾಗರಕಲ್ಲಿಗೂ.

"ಕೈ ಬಿಡ್ತೀಯಲ್ಲ, ಬಿದ್ದರೆ?"

"ಏನ್ ಬೀಳಾದು? ನಲವತ್ ವರ್ಷದಿಂದ ಇಂಗೇ. ನೀನೂ ಎತ್ತುತಿದ್ದೆಯಲ್ಲೇ ಅವಾಗ."

"ನಾನಾ? ನಾನು ದೇವರನ್ನ ನಂಬೋಳೇ ಅಲ್ಲ."

"ದಾರಿ ಉದ್ದಕ್ಕೂ ದೇವ್ರಿಲ್ಲ ದೇವ್ರಿಲ್ಲ ಅಂತ ನನ್ ತಲೆ ತಿಂತಿದ್ದೆ. ಗುಡಿ ಬಂದ್ರೆ ಕೈ ಮಾತ್ರ ಮೇಲೆ! ನನ್ನ ನೋಡ್ಕೊಂಡು ಅಭ್ಯಾಸ ಆಗ್ಬುಟ್ಟಿತ್ತು ಕಣೆ. ಎಷ್ಟ್ ನಗ್ತಿದ್ದೆ ನಾನು!"

ಇದು ನನಗೆ ಎಳ್ಳಷ್ಟೂ ನೆನಪಿಲ್ಲ. ಅವಳು ಸುಳ್ಳು ಹೇಳುವವಳಲ್ಲ. ಆದರೆ ಕಥೆಗೆ ಒಗ್ಗರಣೆ ಹಾಕುವವಳು ಹೌದು. ನನ್ನ ನೆನಪನ್ನು ಹಿಂದಿನ ದಿನವಷ್ಟೇ ಟೇಪು ಹಿಡಿದು ನೋಡಿದ್ದೆ, ಅದರ ಮೇಲೆ ಆಣೆ ಮಾಡುವ ಧೈರ್ಯ ಉಳಿದಿರಲಿಲ್ಲ. ಆಗ ಬೆರಳು ಜೋಮು ಹಿಡಿಯದಿದ್ದುದು ಈ ಕೈಯೆತ್ತುವುದರಿಂದಲೇ ಇದ್ದರೆ? ಬಸ್ ಸ್ಟ್ಯಾಂಡ್ ಬಂತು. ತುಮಕೂರಿನ ಬಸ್ಸೂ ನಿಂತಿತ್ತು. "ಏಮೇ, ಹತ್ತಲ್ವಾ?" ಎಂದಳು. ಗ್ರಿಲ್ ಅಂಗಡಿಯವರಿಗೆ ಮಾತು ಕೊಟ್ಟಿದ್ದೇನೆ, ತುಳಿದುಕೊಂಡೇ ಹೋಗುತ್ತೇನೆ ಎಂದೆ. ಅವಳು ಸೈಕಲ್ ತಿರುಗಿಸಿಕೊಂಡು ಹೋದಳು. ಹೋಗುತ್ತ ಗುಡಿಯ ಮುಂದೆ ಮತ್ತೆ ಕೈ ಎತ್ತಿದ್ದು ದೂರದಿಂದ ಕಂಡಿತು.

ಶಿರಾ ದಾರಿಯಲ್ಲಿ ಮೊದಲ ಗುಡಿಗೆ ಕೈ ಎತ್ತಲು ನಾಚಿಕೆಯಾಯಿತು. ರಸ್ತೆಯಲ್ಲಿ ಕುರಿಗಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಎತ್ತಿದೆ. ಹ್ಯಾಂಡಲ್ ವಾಲಿತು. ಮೂರನೆಯದಕ್ಕೋ ನಾಲ್ಕನೆಯದಕ್ಕೋ ವಾಲಲಿಲ್ಲ. ನಡುವೆ ಆಂಧ್ರದ ನೆಲ ಬಂದುಹೋಯಿತು. ಅಲ್ಲಿಯ ಗಂಗಮ್ಮನಿಗೂ ಕೈ ಎತ್ತಿದೆ. ಗುಡಿಗಳಿಲ್ಲದ ಕಡೆ ಹುಣಸೆಮರಗಳಿಗೆ, ಅವೂ ಇಲ್ಲದ ಕಡೆ ಮೈಲಿಕಲ್ಲುಗಳಿಗೆ. ನಂಬಿಕೆಯೇನೂ ಬರಲಿಲ್ಲ. ಬಿಸಿಲು ಮಾತ್ರ ನೆತ್ತಿಗೆ ಬಂತು, ತೊಡೆಗಳು ಕಲ್ಲಾದವು. ಪಟ್ಟನಾಯಕನಹಳ್ಳಿಯಲ್ಲಿ ಮಜ್ಜಿಗೆ ಕುಡಿದು ಅರ್ಧ ಗಂಟೆ ಜಗಲಿಯ ಮೇಲೆ ಸುಮ್ಮನೆ ಮಲಗಿದೆ. ಬೆರಳುಗಳ ಬಗ್ಗೆ ಯೋಚಿಸಲೂ ಶಕ್ತಿ ಇರಲಿಲ್ಲ.

ಶಿರಾದ ಗ್ರಿಲ್ ಅಂಗಡಿಯವರು ನಾನು ಇಳಿಯುವ ಮೊದಲೇ ಎದ್ದು ಬಂದರು. "ಆಯಿಯೇ ಮೇಡಂ. ಎಷ್ಟ್ ಕಟ್ ಮಾಡ್ಬೇಕು?"

ಅಳತೆಯೇ ಕೈಬಿಟ್ಟಿತ್ತಲ್ಲ. ಅಂದಾಜಿಗೆ ತೋರಿಸಿದೆ. ಅವರು ಗ್ರಿಪ್ಪುಗಳನ್ನು ಕಳಚಿ ಎರಡೂ ತುದಿಯಲ್ಲಿ ಸೀಮೆಸುಣ್ಣದಿಂದ ಗೀಟು ಎಳೆದರು. "ನೋಡಿ ಮೇಡಂ, ಕಟ್ ಆದ್ರೆ ಆಯ್ತು. ಆಮೇಲೆ ಉದ್ದ ಮಾಡು ಭಾಯ್ ಅಂತ ಬಂದ್ರೆ ನಾನು ಎಲ್ಲಿಂದ ತರ್ಲಿ? ಮೊದ್ಲು ಚಾಯ್ ಕುಡೀರಿ."

ಪಕ್ಕದ ಅಂಗಡಿಯಿಂದ ಟೀ ಬಂತು. ಲೋಟ ಹಿಡಿದವಳು ಥಟ್ಟನೆ ಕೈ ಬದಲಿಸಿದೆ. ಮತ್ತೆ ಬಲಗೈಗೆ ತೆಗೆದುಕೊಂಡು ಕಿರುಬೆರಳನ್ನು ಮಾತ್ರ ಗಾಜಿಗೆ ಒತ್ತಿದೆ. ಸುಟ್ಟಿತು. ಉಂಗುರದ ಬೆರಳಿಗೆ ಸ್ವಲ್ಪ ತಡವಾಗಿ, ಆದರೂ ಸುಟ್ಟಿತು.

ಎತ್ತರಿಸಿದ ಹ್ಯಾಂಡಲೋ, ತಿರುಗಿಸಿದ ಬ್ರೇಕ್ ಹಿಡಿಗಳೋ, ಎತ್ತಿದ ಕೈಯೋ, ಯಾವುದರಿಂದ ಎಂದು ನನಗೆ ತಿಳಿಯದು. ಮೂರೂ ಸೇರಿ ಇರಬಹುದು. ಅಗಲದಿಂದಂತೂ ಅಲ್ಲ.

"ಕತ್ತರಿಸೋದು ಬೇಡ."

"ಅರೆ! ಬ್ಲೇಡ್ ಹಾಕಿದೀನಿ ಮೇಡಂ. ಮತ್ತೆ ಇಷ್ಟ್ ದೂರ ಯಾಕ್ ಬಂದ್ರಿ?"

"ಅದನ್ನ ಪಾವಗಡದಲ್ಲಿ ಕೇಳಬೇಕು."

ಅವರು ನಗುತ್ತ ಗ್ರಿಪ್ಪುಗಳನ್ನು ಮತ್ತೆ ಹಾಕಿಕೊಟ್ಟರು. ಗೀಟುಗಳು ಒಳಗೇ ಉಳಿದವು. ಗೆಳೆಯರಿಗೆ "ಸೈಕಲ್ ಕೊಡೋದಿಲ್ಲ, ಬೇಜಾರು ಮಾಡ್ಕೋಬೇಡಿ" ಎಂದು ಮೆಸೇಜು ಕಳಿಸಿದೆ.

ಖಾಸಗಿ ಬಸ್ಸಿನ ಮೇಲೆ ಸೈಕಲ್ ಹಾಕಿಸಿ, ಲಗೇಜಿಗೂ ಟಿಕೆಟ್ ತೆಗೆದುಕೊಂಡು ಕಿಟಕಿಗೆ ತಲೆಯಾನಿಸಿದೆ. ಶಿರಾ ಹಿಂದಾಗುತ್ತಿತ್ತು. ಊರಾಚೆ ರಸ್ತೆ ಪಕ್ಕದಲ್ಲಿ ಸುಣ್ಣ ಬಳಿದ ಸಣ್ಣ ಗುಡಿಯೊಂದು ಸರಿದುಹೋಯಿತು. ಅರೆನಿದ್ದೆಯಲ್ಲಿದ್ದ ನನ್ನ ಬಲಗೈ ತೊಡೆ ಬಿಟ್ಟು ಮೇಲೆದ್ದಿತ್ತು.

ಕಂಡಕ್ಟರು ಸೀಟಿಯನ್ನು ಬಾಯಿಯ ಹತ್ತಿರ ತಂದು ಕೇಳಿದ, "ಇಲ್ಲೇ ಇಳೀತೀರಾ ಮೇಡಂ?"

"ಇಲ್ಲ, ತುಮಕೂರು" ಎಂದು ಕೈ ಇಳಿಸಿದೆ.