ಮೇಸ್ತ್ರಿಯ ಐಸಾ

ಭಾರ ಎತ್ತುವ ಎಂಟು ಆಳುಗಳಿಗೆ ಮೇಸ್ತ್ರಿಯ ಬಾಯೇ ಒಂಬತ್ತನೆಯ ಆಳು. ಲೇತ್ ಯಂತ್ರವಿರಲಿ, ಕಬ್ಬಿಣದ ತಿಜೋರಿಯಿರಲಿ, ಆತ "ಹಿಡೀರಿ" ಎಂದರೆ ಭಾರ ಕಟ್ಟಿದ ಬಿದಿರ ಬೊಂಬಿಗೆ ಹೆಗಲು ಕೊಡಬೇಕು, "ಐಸಾ" ಎಂದರೆ ಎಂಟು ಹೆಗಲೂ ಒಟ್ಟಿಗೆ ಏಳಬೇಕು. ಮೂವತ್ತು ವರ್ಷದಲ್ಲಿ ಯಾರ ಕಾಲ್ಬೆರಳೂ ಜಜ್ಜಿಹೋಗಿರಲಿಲ್ಲ. ಆ ಹೆಮ್ಮೆ ಮೇಸ್ತ್ರಿಗೆ ತುಸು ಜಾಸ್ತಿಯೇ ಇತ್ತು, ಇರಲಿ ಬಿಡಿ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಮನೆ ಗಿರ್ರನೆ ತಿರುಗಿತು. ಎಚ್ಚರವಾದಾಗ ಆಸ್ಪತ್ರೆಯಲ್ಲಿದ್ದ. ತಲೆಯ ಹಿಂಭಾಗದ ಕಿರುಮಿದುಳಿಗೆ ರಕ್ತ ಹೋಗುವುದು ನಿಂತಿತ್ತು ಎಂದರು ಡಾಕ್ಟರು. ಎಲ್ಲ ಅರ್ಥವಾಗುತ್ತಿತ್ತು, ಮಾತು ಮಾತ್ರ ಹೊರಡಲೊಲ್ಲದು. ತಿಂಗಳ ಮೇಲೆ ಹೊರಟಿತು, ಅದೂ ತುಂಡು ತುಂಡಾಗಿ, ಒಂದು ತುಂಡು ಜೋರು, ಇನ್ನೊಂದು ಮೆತ್ತಗೆ. ನಡಿಗೆಯೂ ಓಲಾಡುತ್ತಿತ್ತು. ಜೀವಮಾನದಲ್ಲಿ ಒಂದು ತೊಟ್ಟು ಕುಡಿಯದವನನ್ನು ಕಂಡು ಬೀದಿಯವರು ಮೂಗು ಮುರಿದರು.

ಮಾತಿನ ತರಬೇತಿ ಕೊಡುವ ಹೆಂಗಸು ಅವನಿಂದ ಮೇಜು ತಟ್ಟಿಸಿದಳು. ಒಂದು ತಟ್ಟಿಗೆ ಒಂದು ತುಂಡು. "ಅವಸರ ಬೇಡಣ್ಣ, ಮಾತು ಎಲ್ಲೂ ಓಡಿಹೋಗಲ್ಲ." ಆರು ತಿಂಗಳು ಆ ಮೇಜಿನ ಜೀವ ತಿಂದು ಮೇಸ್ತ್ರಿ ಕೋಲೂರಿಕೊಂಡು ಕೆಲಸಕ್ಕೆ ಹೊರಟ. ಐಸಾ ಹೇಳಲಾಗದಿದ್ದರೆ ಗೋದಾಮಿನ ಬಾಗಿಲು ಕಾಯುವುದೇ ಗತಿ ಎಂದು ಮಾಲೀಕರು ಮೊದಲೇ ಹೇಳಿದ್ದರು. ಅದನ್ನು ನೆನೆದರೇ ಅವನಿಗೆ ಅಳು ಬರುತ್ತಿತ್ತು.

ಆ ದಿನ ಲೇತನ್ನು ಮೂರು ಮೆಟ್ಟಿಲು ಹತ್ತಿಸಬೇಕಿತ್ತು.

"ಹಿ... ಡೀ... ರಿ." ಎಂಟು ಹೆಗಲೂ ಬೊಂಬಿಗೆ ಸೇರಿದವು. "ಐ..."

ಆಳುಗಳಿಗೆ ಮೇಸ್ತ್ರಿಯೆಂದರೆ ಪ್ರಾಣ. ಪಾಪ, ಕಷ್ಟಪಡುವುದು ಬೇಡವೆಂದು ಆತ ಮುಗಿಸುವ ಮೊದಲೇ ಎತ್ತಿಬಿಟ್ಟರು, ಒಬ್ಬೊಬ್ಬರು ಒಂದೊಂದು ಗಳಿಗೆಗೆ. ಲೇತ್ ವಾಲಿತು. ಮುಂದಿದ್ದ ಕುಳ್ಳನ ಪಾದ ಕೂದಲೆಳೆಯಲ್ಲಿ ಪಾರಾಯಿತು.

ಮಾಲೀಕರು ತಲೆ ಅಲ್ಲಾಡಿಸಿದರು. "ಬೇಡಪ್ಪ ಮೇಸ್ತ್ರಿ, ನಿನ್ನ ಕೈಲಾಗಲ್ಲ."

ಮೇಸ್ತ್ರಿಗೆ ಕೆಂಡದಂಥ ಸಿಟ್ಟು ಬಂತು, ಮಾಲೀಕರ ಮೇಲಲ್ಲ, ತನ್ನವರ ಮೇಲೆ. ತೊಡೆ ತಟ್ಟುತ್ತ ಹೇಳಿದ: "ಅಯ್ಯೋ... ಪಾಪ... ಅನ್ಬೇಡಿ. ನಾನು... ಮುಗಿಸೋ... ವರೆಗೂ... ಕಾಯ್ರಿ." ಅಷ್ಟು ಹೇಳಲು ಅರ್ಧ ನಿಮಿಷ ಹಿಡಿಯಿತು. ಯಾರೂ ನಡುವೆ ಬಾಯಿ ಹಾಕಲಿಲ್ಲ.

ಕುಳ್ಳ ಮಾಲೀಕರ ಕಡೆ ತಿರುಗಿದ. "ತಪ್ಪು ನಮ್ದು ಸಾರ್. ಇನ್ನೊಂದ್ಸಲ ನೋಡೋಣ."

"ಹಿ... ಡೀ... ರಿ. ಐ..."

ಎಂಟು ಜನ ಮಂಡಿ ಬಾಗಿಸಿ, ಉಸಿರು ಬಿಗಿಹಿಡಿದು, ಮೇಸ್ತ್ರಿಯ ಬಾಯನ್ನೇ ನೋಡುತ್ತ ನಿಂತರು. ಅವನ ನಾಲಿಗೆ ಬಾಯೊಳಗೆ ತಡಕಾಡಿತು. ಕುಳ್ಳನ ಹಣೆಯಿಂದ ಬೆವರಿಳಿದು ಕಣ್ಣಿಗೆ ಬಿತ್ತು. ಅವನು ಅಲುಗಲಿಲ್ಲ, ಯಾರೂ ಅಲುಗಲಿಲ್ಲ.

"...ಸಾ."

ಲೇತ್ ಒಂದೇ ಸಮನೆ ಮೇಲೆದ್ದು ಮೊದಲ ಮೆಟ್ಟಿಲ ಮೇಲೆ ಕೂತಿತು. ಇನ್ನೂ ಎರಡು ಮೆಟ್ಟಿಲಿದ್ದವು. ಮೇಸ್ತ್ರಿ ಕಣ್ಣೊರೆಸಿಕೊಂಡು ಮತ್ತೆ ಬಾಯಿ ತೆರೆದ, ಎಂಟು ಜನ ಕಾದರು.